ಸ್ವಿಂಡನ್ನಿನ ಹನ್ನೆರಡು ಪ್ಲೇಟುಗಳು

2018ರ ಜನವರಿಯಲ್ಲಿ ಮ್ಯಾನೇಜರು ನನ್ನನ್ನು ಕ್ಯಾಬಿನ್ನಿಗೆ ಕರೆದು ಹತ್ತು ತಿಂಗಳ ಆನ್‌ಸೈಟ್ ಇದೆ ಅಂದರು. ಮುಖದಲ್ಲಿ ಏನೋ ಸಂಕೋಚ. ಲಂಡನ್ ಅಲ್ಲ, ಸ್ವಿಂಡನ್ ಅಂತ ಒಂದು ಊರು, ಅಲ್ಲಿ ನೋಡೋಕೆ ಅಂಥದ್ದೇನೂ ಇಲ್ಲವಂತೆ, ಯೋಚನೆ ಮಾಡಿ ಹೇಳು ಅಂದರು. ಪುಣೆಯ ಆ ಕಚೇರಿಯ ಅಷ್ಟೂ ಮಹಡಿಗಳಲ್ಲಿ ಸ್ವಿಂಡನ್ ಎಂಬ ಹೆಸರು ಕೇಳಿ ಎದೆ ಜೋರಾಗಿ ಹೊಡೆದುಕೊಳ್ಳಬಹುದಾದವನು ನಾನೊಬ್ಬನೇ ಇದ್ದಿರಬೇಕು. ಯೋಚನೆ ಮಾಡುವವನಂತೆ ನಟಿಸಿ, ಮಧ್ಯಾಹ್ನ ಊಟ ಮುಗಿಸಿಕೊಂಡು ಬಂದು ಹೂಂ ಅಂದೆ.

ಸ್ವಿಂಡನ್ ಎಕ್ಸ್‌ಟಿಸಿಯ ಊರು. ಈ ಹೆಸರು ನೀವು ಕೇಳಿರದಿದ್ದರೆ ಸಂಕೋಚಪಡಬೇಡಿ, ಇಂಗ್ಲೆಂಡಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗರಲ್ಲೇ ಅರ್ಧ ಜನ ಕೇಳಿರಲಿಲ್ಲ. ಆ ಮೂರು ಅಕ್ಷರಗಳನ್ನು ಬೇಗ ಬೇಗ ಹೇಳಿದರೆ ಇಂಗ್ಲಿಷಿನಲ್ಲಿ ಪರಮಾನಂದ ಎನ್ನುವ ಅರ್ಥದ ಪದದ ಹಾಗೆ ಕೇಳಿಸುತ್ತದೆ, ಅಷ್ಟೇ ತಮಾಷೆ. 1978ರಿಂದ 2000ದವರೆಗೆ ಹನ್ನೆರಡು ಸ್ಟುಡಿಯೋ ಆಲ್ಬಂ ಮಾಡಿದ ಪಾಪ್ ತಂಡ ಇದು. ವಿಶೇಷವೆಂದರೆ, ಇದರಲ್ಲಿ ಕೊನೆಯ ಏಳು ಆಲ್ಬಂಗಳ ಹೊತ್ತಿಗೆ ಇವರು ವೇದಿಕೆ ಹತ್ತುವುದನ್ನೇ ಬಿಟ್ಟಿದ್ದರು. ಸ್ಟುಡಿಯೋದೊಳಗೆ ಕೂತು ಹಾಡು ಕಟ್ಟುವುದು, ರೆಕಾರ್ಡ್ ಮಾಡುವುದು, ಮನೆಗೆ ಹೋಗುವುದು. ಪ್ರವಾಸ ಇಲ್ಲ, ಪ್ರೇಕ್ಷಕರಿಲ್ಲ. ಆದ್ದರಿಂದ ಇವರನ್ನು ಇಷ್ಟಪಡುವವರಿಗೆ ಹಿಡಿದುಕೊಳ್ಳಲು ಇರುವುದು ಆಲ್ಬಂಗಳು ಮಾತ್ರ.

ನನಗೆ ಇವರು ಸಿಕ್ಕಿದ್ದು ಸುರತ್ಕಲ್ಲಿನ ಹಾಸ್ಟೆಲಿನಲ್ಲಿ, ಎಂ.ಟೆಕ್. ಮೊದಲ ವರ್ಷ. ಪಕ್ಕದ ರೂಮಿನ ಚೆನ್ನೈ ಹುಡುಗನ ಹತ್ತಿರ ಒಂದು ಹಾರ್ಡ್ ಡಿಸ್ಕ್ ಇತ್ತು. ಇಡೀ ಹಾಸ್ಟೆಲ್ಲಿಗೆ ಅದೇ ಲೈಬ್ರರಿ. ಅದರಲ್ಲಿ ‘ಮೇಕಿಂಗ್ ಪ್ಲ್ಯಾನ್ಸ್ ಫಾರ್ ನೈಜೆಲ್’ ಅಂತ ಒಂದು ಫೈಲು. ಹಾಕಿದೆ. ಮೊದಲು ಕೇಳಿಸಿದ್ದು ಡ್ರಮ್ಮು. ಸಾಮಾನ್ಯವಾಗಿ ಡ್ರಮ್ಮು ಹಾಡನ್ನು ಮುಂದಕ್ಕೆ ತಳ್ಳುತ್ತದೆ, ಇದು ಒಂದು ಯಂತ್ರ ತನ್ನ ಪಾಡಿಗೆ ತಾನು ಓಡುತ್ತಿರುವ ಹಾಗೆ ಇತ್ತು, ಪೆಟ್ಟು ಬೀಳಬೇಕಾದ ಕಡೆ ಬೀಳದೆ ಬೇರೆಲ್ಲೋ ಬೀಳುತ್ತಿತ್ತು. ಆಮೇಲೆ ಮಾತು. ನೈಜೆಲ್ ಎಂಬ ಹುಡುಗನ ಬಗ್ಗೆ ಅವನ ಅಪ್ಪ ಅಮ್ಮ ಹೇಳುತ್ತಿರುವ ಮಾತು. ಅವನ ಮುಂದಿನ ಬದುಕೆಲ್ಲ ತೀರ್ಮಾನ ಆಗಿದೆ, ಅವನಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದು, ಅವನು ಖುಷಿಯಾಗಿಯೇ ಇದ್ದಾನೆ, ಇರಲೇಬೇಕು. ಕೆಲಸ ಎಲ್ಲಿ ಅಂದರೆ ಬ್ರಿಟಿಷ್ ಸ್ಟೀಲ್ ಕಂಪನಿಯಲ್ಲಿ. ಹಾಡಿನ ಉದ್ದಕ್ಕೂ ಆ ಹುಡುಗ ಒಂದು ಮಾತೂ ಆಡುವುದಿಲ್ಲ.

ಅವತ್ತು ರಾತ್ರಿ ಅದನ್ನು ಹತ್ತು ಸಲವಾದರೂ ಕೇಳಿರಬೇಕು. ಯಾಕೆ ಅಂದರೆ ನಾನು ಭದ್ರಾವತಿಯವನು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಮುಂದೆ ಅಲ್ಲಿ ಕಬ್ಬಿಣದ ಕುಲುಮೆ ಬರುತ್ತದೆ ಅಂತ ಗೊತ್ತಿದ್ದೇ ಇಟ್ಟ ಹಾಗಿದೆ. ಮೈಸೂರು ಸರ್ಕಾರ ಅಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಿದ್ದು 1918ರಲ್ಲಿ, ಕುಲುಮೆಯಿಂದ ಕಬ್ಬಿಣ ಇಳಿದದ್ದು 1923ರಲ್ಲಿ. ಕಲ್ಲಿದ್ದಲು ಹತ್ತಿರದಲ್ಲಿ ಇಲ್ಲದ್ದರಿಂದ ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಲ್ಲೇ ಅದಿರು ಕರಗಿಸುತ್ತಿದ್ದರು. ಆಮೇಲೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂತು. ನಮ್ಮ ಮನೆಗಳಲ್ಲಿ ಅದು ಬರೀ ‘ಫ್ಯಾಕ್ಟ್ರಿ’. ಗಡಿಯಾರ ಬೇಕಿರಲಿಲ್ಲ, ಫ್ಯಾಕ್ಟ್ರಿ ಸೈರನ್ನಿಗೆ ಎದ್ದೆವು, ಸೈರನ್ನಿಗೆ ಸ್ಕೂಲಿಗೆ ಹೋದೆವು. ಅಪ್ಪ ಮಷೀನ್ ಶಾಪಿನಲ್ಲಿ ಟರ್ನರ್. ಸಂಜೆ ಅವರು ಬಂದರೆ ಮನೆಯೊಳಗೆ ಮೊದಲು ಬರುತ್ತಿದ್ದುದು ಕಟಿಂಗ್ ಆಯಿಲಿನ ವಾಸನೆ.

ಅಪ್ಪನದು ಒಂದೇ ಲೆಕ್ಕ. ಮಗ ಮೆಕ್ಯಾನಿಕಲ್ ಓದಬೇಕು, ಟ್ರೈನಿಯಾಗಿ ಫ್ಯಾಕ್ಟ್ರಿ ಸೇರಬೇಕು, ತಾನು ಕಾರ್ಡ್ ಹೊಡೆದು ಒಳಗೆ ಹೋಗುವ ಗೇಟಿನಲ್ಲೇ ಮಗ ಆಫೀಸರಾಗಿ ಹೋಗಬೇಕು. ಇದನ್ನು ಅವರು ಯಾವತ್ತೂ ಜೋರು ಮಾಡಿ ಹೇಳಿದವರಲ್ಲ. ಮನೆಗೆ ಬಂದವರ ಹತ್ತಿರ ಹೇಳುತ್ತಿದ್ದರು, ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. 2004ರಲ್ಲಿ ಸಿಇಟಿ ಕೌನ್ಸೆಲಿಂಗಿಗೆ ಇಬ್ಬರೂ ಬೆಂಗಳೂರಿಗೆ ಹೋದೆವು. ಕಂಪ್ಯೂಟರಿನ ಮುಂದೆ ಕೂತಾಗ ನಾನು ಮೆಕ್ಯಾನಿಕಲ್ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು, ಏನೂ ಅನ್ನಲಿಲ್ಲ. ವಾಪಸ್ ರೈಲಿನಲ್ಲಿ ಬೀರೂರು ಬರುವವರೆಗೂ ಮಾತಿಲ್ಲ. ಬೀರೂರಿನಲ್ಲಿ ಕಾಫಿ ತಂದುಕೊಟ್ಟರು. ಆ ವಿಷಯ ಮುಂದೆ ಎಂದೂ ನಮ್ಮ ನಡುವೆ ಬರಲಿಲ್ಲ.

ಹೀಗಾಗಿ ಆ ಇಂಗ್ಲಿಷ್ ಹುಡುಗ ನೈಜೆಲ್ ನನಗೆ ಒಂಥರಾ ದಾಯಾದಿ. ಹಾಡು ಬಂದದ್ದು 1979ರಲ್ಲಿ, ಬರೆದವನು ತಂಡದ ಬಾಸ್ ಗಿಟಾರಿನ ಕಾಲಿನ್ ಮೌಲ್ಡಿಂಗ್. ಬ್ರಿಟನ್ನಿನ ಪಟ್ಟಿಯಲ್ಲಿ 17ನೇ ಸ್ಥಾನದವರೆಗೆ ಹೋಯಿತು. ಬ್ರಿಟಿಷ್ ಸ್ಟೀಲಿನವರು ತಮ್ಮಲ್ಲಿ ಕೆಲಸ ಮಾಡುತ್ತಿದ್ದ ನಿಜವಾದ ನೈಜೆಲ್‌ಗಳು ಕೆಲವರನ್ನು ಹುಡುಕಿ, ಅವರು ಎಷ್ಟು ಸುಖವಾಗಿದ್ದಾರೆ ಅಂತ ತಮ್ಮ ಪತ್ರಿಕೆಯಲ್ಲಿ ಹಾಕಿಸಿದರಂತೆ. ನಮ್ಮ ಯಾವುದೇ ಸಾರ್ವಜನಿಕ ಉದ್ದಿಮೆಯೂ ಇದನ್ನೇ ಮಾಡುತ್ತಿತ್ತು.

ಎಂಪಿ3 ಕೇಳುವುದು ಬೇರೆ, ಪ್ಲೇಟು ಹುಡುಕುವುದು ಬೇರೆ. ಕೆಲಸ ಸಿಕ್ಕಿ ಪುಣೆಗೆ ಬಂದ ಮೇಲೆ ಜೂನಾ ಬಜಾರಿನಲ್ಲಿ ಒಂದು ಹಳೆಯ ಟರ್ನ್‌ಟೇಬಲ್ ತೆಗೆದುಕೊಂಡೆ. ಬುಧವಾರ, ಭಾನುವಾರ ಅಲ್ಲಿ ಕಬ್ಬಿಣ, ನಾಣ್ಯ, ಕ್ಯಾಮೆರಾ, ಎಲ್ಲದರ ಸಂತೆ. ಎಲ್‌ಪಿ ಅಂದರೆ ಹಿಂದಿ ಸಿನಿಮಾದ್ದು, ನಾಟ್ಯಸಂಗೀತದ್ದು, ಅಪರೂಪಕ್ಕೆ ಅಬ್ಬಾ, ಬೋನಿ ಎಂ. ಮುಂಬೈಗೆ ಹೋದಾಗೆಲ್ಲ ಕಾಲಾ ಘೋಡಾದ ರಿದಂ ಹೌಸಿಗೆ ಹೋಗಿ ಎಕ್ಸ್‌ಟಿಸಿ ಇದೆಯಾ ಅಂತ ಕೇಳುತ್ತಿದ್ದೆ. 2016ರಲ್ಲಿ ಆ ಅಂಗಡಿಯೂ ಮುಚ್ಚಿತು. ಹೀಗಿರುವಾಗ ಕಂಪನಿ ಖರ್ಚಿನಲ್ಲಿ ಸ್ವಿಂಡನ್!

ಲಂಡನ್ನಿನ ಪ್ಯಾಡಿಂಗ್ಟನ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಒಂದು ಗಂಟೆ. ಅದೇ ರೈಲು ಮುಂದೆ ಬಾತ್‌ಗೆ, ಬ್ರಿಸ್ಟಲ್ಲಿಗೆ ಹೋಗುತ್ತದೆ, ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ. ಸ್ವಿಂಡನ್ನಿನಲ್ಲಿ ಇಳಿಯುವವರು ಅಲ್ಲಿ ಕೆಲಸ ಇರುವವರು. ನಾನು ಇಳಿದದ್ದು ಮಾರ್ಚಿ ಮೊದಲ ವಾರ, ಹಿಮ ಬಿದ್ದು ಕೆಸರಾಗಿತ್ತು. ಬ್ಯಾಂಕು, ವಿಮೆ ಇಂಥ ಕಂಪನಿಗಳು ಇರುವುದರಿಂದ ನಮ್ಮ ಐಟಿ ಮಂದಿ ಅಲ್ಲಿ ಬೇಕಾದಷ್ಟಿದ್ದಾರೆ. ಅದಕ್ಕಿಂತ ಆಶ್ಚರ್ಯ ಎಂದರೆ ಗೋವಾದವರು. ಪೋರ್ಚುಗೀಸ್ ಪಾಸ್‌ಪೋರ್ಟ್ ಮೇಲೆ ಬಂದು ನೆಲೆಸಿದ ಸಾವಿರಾರು ಗೋವನ್ನರು ಆ ಊರಿನಲ್ಲಿದ್ದಾರೆ. ನಾನು ರೂಮು ಹಿಡಿದ ಮನೆಯ ಮಾಲೀಕರೂ ಮಡಗಾಂವ್ ಕಡೆಯವರು. ನಾನು ಕರ್ನಾಟಕದವನು ಅಂದ ಕೂಡಲೇ ಅವರಿಗೆ ನೆನಪಾದದ್ದು ಕಾರವಾರದ ಸೋದರತ್ತೆ. ಅಲ್ಲಿಗೆ ನಾವು ನೆಂಟರೇ ಆದೆವು.

ಮೊದಲ ಶನಿವಾರವೇ ರೈಲ್ವೆ ವಿಲೇಜಿಗೆ ನಡೆದುಕೊಂಡು ಹೋದೆ. ಸ್ವಿಂಡನ್ ಮೊದಲು ಗುಡ್ಡದ ಮೇಲಿನ ಒಂದು ಸಣ್ಣ ಸಂತೆ ಊರು. 1840ರ ದಶಕದಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯವರು ಗುಡ್ಡದ ಕೆಳಗೆ ಎಂಜಿನ್ ಕಾರ್ಖಾನೆ ಕಟ್ಟಿದರು, 1843ರಲ್ಲಿ ಅದು ಕೆಲಸ ಶುರು ಮಾಡಿತು. ಬ್ರೂನೆಲ್ ಮತ್ತು ಗೂಚ್ ಎಂಬ ಇಬ್ಬರು ಎಂಜಿನಿಯರುಗಳ ಸೃಷ್ಟಿ. ಕೆಲಸಗಾರರಿಗೆ ಕಲ್ಲಿನ ಸಾಲುಮನೆಗಳು, ಬೀದಿಗಳಿಗೆ ಆ ರೈಲು ಹೋಗುವ ಊರುಗಳ ಹೆಸರು: ಬ್ರಿಸ್ಟಲ್, ಬಾತ್, ಎಕ್ಸೆಟರ್, ಟಾಂಟನ್. ಕೆಲಸಗಾರರ ಸಂಬಳದಿಂದ ಸ್ವಲ್ಪ ಸ್ವಲ್ಪ ಹಿಡಿದು ನಡೆಸುತ್ತಿದ್ದ ವೈದ್ಯಕೀಯ ನಿಧಿ, ಆಸ್ಪತ್ರೆ, ಈಜುಕೊಳ. ಮುಂದೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಇದೂ ಒಂದು ಮಾದರಿ ಆಯಿತು ಅಂತ ಸ್ವಿಂಡನ್ನಿನವರು ಎದೆ ಉಬ್ಬಿಸಿ ಹೇಳುತ್ತಾರೆ. ನಡುವೆ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ ಅಂತ ಒಂದು ಭಾರೀ ಕಟ್ಟಡ. ಲೈಬ್ರರಿ, ನಾಟಕ, ಭಾಷಣ ಎಲ್ಲ ನಡೆಯುತ್ತಿದ್ದ ಜಾಗ. ನಾನು ನೋಡಿದಾಗ ಕಿಟಕಿಗೆಲ್ಲ ಹಲಗೆ ಬಡಿದಿದ್ದರು, ಮೇಲೆ ಪಾರಿವಾಳ.

ಭದ್ರಾವತಿಯ ನ್ಯೂ ಟೌನಿನಲ್ಲಿ ಬೆಳೆದವನಿಗೆ ಇದನ್ನೆಲ್ಲ ಯಾರೂ ವಿವರಿಸಬೇಕಾಗಿರಲಿಲ್ಲ. ಕ್ವಾರ್ಟರ್ಸಿನ ಸಾಲು, ಫ್ಯಾಕ್ಟ್ರಿ ಆಸ್ಪತ್ರೆ, ಫ್ಯಾಕ್ಟ್ರಿ ಕ್ಲಬ್ಬು. ನಮ್ಮದು ಸ್ವಲ್ಪ ದೊಡ್ಡ ಮರಗಳು, ಅಷ್ಟೇ ವ್ಯತ್ಯಾಸ.

ವಿಲೇಜಿನಿಂದ ರೈಲು ಹಳಿಗಳ ಅಡಿಯಲ್ಲಿ ಒಂದು ಸುರಂಗ ಇದೆ. ಸಾವಿರಾರು ಜನ ಬೆಳಿಗ್ಗೆ ಅದರ ಮೂಲಕ ಕಾರ್ಖಾನೆಗೆ ಹೋಗಿ ಸಂಜೆ ಬರುತ್ತಿದ್ದರು. ಕಾರ್ಖಾನೆಯ ಹೂಟರ್ ಹಳ್ಳಿಗಳಾಚೆಗೂ ಕೇಳಿಸುತ್ತಿತ್ತಂತೆ, ನಿದ್ದೆ ಹಾಳಾಗುತ್ತದೆ ಅಂತ ಒಬ್ಬ ಜಮೀನುದಾರ ದೂರು ಕೊಟ್ಟಿದ್ದನಂತೆ. 1960ರಲ್ಲಿ ಬ್ರಿಟಿಷ್ ರೈಲ್ವೆಗೆ ಕೊನೆಯ ಉಗಿ ಎಂಜಿನ್ ‘ಈವ್ನಿಂಗ್ ಸ್ಟಾರ್’ ಇಲ್ಲೇ ತಯಾರಾಯಿತು. 1986ರಲ್ಲಿ ಕೊನೆಯ ಹೂಟರ್ ಕೂಗಿ ಕಾರ್ಖಾನೆ ಮುಚ್ಚಿತು. ಈಗ ಆ ಸುರಂಗ ದಾಟಿದರೆ ಸಿಗುವುದು ಒಂದು ಶಾಪಿಂಗ್ ಔಟ್‌ಲೆಟ್. ಎಂಜಿನ್ ಎತ್ತುತ್ತಿದ್ದ ಕ್ರೇನುಗಳ ಕೆಳಗೆ ಶೂ ಮಾರುತ್ತಾರೆ. ಪಕ್ಕದಲ್ಲಿ ‘ಸ್ಟೀಮ್’ ಎಂಬ ರೈಲ್ವೆ ಮ್ಯೂಸಿಯಂ. ಎರಡಕ್ಕೂ ಹೋದೆ. ಒಂದು ಜೊತೆ ಶೂ ಕೂಡ ತೆಗೆದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಆಲ್ಬಂ ಬೇಟೆ ಶುರುವಾಯಿತು. ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ: ಹನ್ನೆರಡನ್ನೂ ಸ್ವಿಂಡನ್ನಿನಲ್ಲೇ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕು. ಆನ್‌ಲೈನ್ ತರಿಸಿದರೆ ಪುಣೆಯಲ್ಲಿ ಇದ್ದುಕೊಂಡೇ ಮಾಡಬಹುದಿತ್ತಲ್ಲ. ಇಂಗ್ಲೆಂಡಿನ ಪ್ರತಿ ಊರಿನಲ್ಲೂ ಚಾರಿಟಿ ಶಾಪುಗಳು ಇರುತ್ತವೆ, ಜನ ತಮಗೆ ಬೇಡವಾದ ಬಟ್ಟೆ, ಪಾತ್ರೆ, ಪುಸ್ತಕ ಕೊಟ್ಟು ಹೋಗುತ್ತಾರೆ. ಹಿಂದುಗಡೆ ಒಂದು ಡಬ್ಬದಲ್ಲಿ ಎಲ್‌ಪಿಗಳು. ಬಾಗಿ, ಬೆರಳಿನಲ್ಲಿ ಒಂದೊಂದೇ ಹಿಂದಕ್ಕೆ ಸರಿಸುತ್ತ ಹೋಗುವ ಆ ಕೆಲಸಕ್ಕೆ ಒಂದು ಲಯ ಇದೆ. ಸೊಂಟ ನೋಯುತ್ತದೆ.

ಮೊದಲು ಸಿಕ್ಕಿದ್ದು ಓಲ್ಡ್ ಟೌನಿನ ಅಂಗಡಿಯಲ್ಲಿ ‘ಡ್ರಮ್ಸ್ ಅಂಡ್ ವೈರ್ಸ್’, ನೈಜೆಲ್ ಹಾಡು ಇರುವ ಆಲ್ಬಂ, ಎಂಟು ಪೌಂಡ್. ಎರಡನೇ ಆಲ್ಬಂ ‘ಗೋ 2’ ಸಿಕ್ಕಾಗ ಅಂಗಡಿಯಲ್ಲೇ ನಗು ಬಂತು. 1978ರದು, ಹೊದಿಕೆ ಮಾಡಿದವರು ಪಿಂಕ್ ಫ್ಲಾಯ್ಡ್ ಆಲ್ಬಂಗಳ ಹಿಪ್ನೋಸಿಸ್ ಸಂಸ್ಥೆಯವರು. ಚಿತ್ರವೇ ಇಲ್ಲ. ಕಪ್ಪು ಹಾಳೆಯ ಮೇಲೆ ಟೈಪು ಮಾಡಿದ ಬಿಳಿ ಅಕ್ಷರಗಳು ಮಾತ್ರ: ಇದು ರೆಕಾರ್ಡಿನ ಹೊದಿಕೆ, ನೀವು ಇದನ್ನು ಕೊಳ್ಳಲಿ ಅಂತ ಹೀಗೆ ಮಾಡಿದ್ದೇವೆ, ಓದುತ್ತಾ ಇದ್ದೀರಿ ಅಂದರೆ ಸಿಕ್ಕಿಬಿದ್ದಿರಿ ಎನ್ನುವ ಧಾಟಿ. ನಲವತ್ತು ವರ್ಷದ ನಂತರ ನಾನೂ ಸಿಕ್ಕಿಬಿದ್ದೆ.

ತಂಡದ ಮುಖ್ಯ ಗಾಯಕ ಆಂಡಿ ಪಾರ್ಟ್ರಿಜ್ ಬೆಳೆದದ್ದು ಊರ ಉತ್ತರದ ಪೆನ್‌ಹಿಲ್ ಎಂಬ ಸರ್ಕಾರಿ ಬಡಾವಣೆಯಲ್ಲಿ. ಹದಿಹರೆಯದಲ್ಲೇ ವೈದ್ಯರು ಅವನಿಗೆ ವ್ಯಾಲಿಯಂ ಬರೆದುಕೊಟ್ಟಿದ್ದರು, ಅದು ವರ್ಷಗಟ್ಟಲೆ ಹಾಗೇ ಮುಂದುವರಿಯಿತು. ಒಂದು ಪ್ರವಾಸದ ನಡುವೆ ಹೆಂಡತಿ ಆ ಮಾತ್ರೆಗಳನ್ನೆಲ್ಲ ಚೆಲ್ಲಿಬಿಟ್ಟಳು. ಒಳ್ಳೆಯ ಉದ್ದೇಶವೇ, ಆದರೆ ಆ ಔಷಧಿಯನ್ನು ಹಾಗೆ ಏಕಾಏಕಿ ನಿಲ್ಲಿಸಬಾರದು. 1982ರ ಮಾರ್ಚ್‌ನಲ್ಲಿ ಪ್ಯಾರಿಸಿನ ವೇದಿಕೆಯಲ್ಲಿ, ಟಿವಿ ಕ್ಯಾಮೆರಾಗಳ ಎದುರು, ಮೊದಲ ಹಾಡಿನಲ್ಲೇ ಅವನು ಗಿಟಾರ್ ಬಿಟ್ಟು ಹೊರಗೆ ನಡೆದ. ಏಪ್ರಿಲ್‌ನಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಹೇಗೋ ಒಂದು ಪ್ರದರ್ಶನ ಮುಗಿಸಿದರು, ಮರುದಿನ ಹಾಲಿವುಡ್‌ನದು ರದ್ದು. ಅಲ್ಲಿಗೆ ವೇದಿಕೆ ಮುಗಿಯಿತು. ಡ್ರಮ್ಮಿನ ಟೆರಿ ಚೇಂಬರ್ಸ್ ಅದೇ ವರ್ಷ ತಂಡ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದ. ಹಾಡುವುದನ್ನು ಬಿಡದೆ ವೇದಿಕೆಯನ್ನು ಮಾತ್ರ ಬಿಟ್ಟರು ಉಳಿದವರು. ಕ್ಲೈಂಟ್ ಮುಂದೆ ಪ್ರೆಸೆಂಟೇಷನ್ ಇದ್ದ ದಿನ ಟಾಯ್ಲೆಟ್ಟಿನಲ್ಲಿ ಐದು ನಿಮಿಷ ಗೋಡೆ ಹಿಡಿದು ನಿಲ್ಲುವವರಲ್ಲಿ ನಾನೂ ಒಬ್ಬ. ನಮಗೆ ಅಂಥ ಸೌಲಭ್ಯ ಇಲ್ಲ.

ಅದೇ 1982ರದು ‘ಇಂಗ್ಲಿಷ್ ಸೆಟ್ಲ್‌ಮೆಂಟ್’, ಎರಡು ಪ್ಲೇಟುಗಳ ಆಲ್ಬಂ. ಕಡು ಹಸಿರು ಹೊದಿಕೆಯ ಮೇಲೆ ಕೆಲವೇ ಗೆರೆಗಳಲ್ಲಿ ಒಂದು ಬಿಳಿ ಕುದುರೆ, ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ನನಗೆ ಇದು ಬಹಳ ಇಷ್ಟದ ಆಲ್ಬಂ, ಹಾಗಾಗಿ ಕುದುರೆಯನ್ನೂ ನೋಡಬೇಕಾಯಿತು. ಸ್ವಿಂಡನ್ನಿನಿಂದ ಪೂರ್ವಕ್ಕೆ ಹದಿನಾರು ಕಿಲೋಮೀಟರಿನಷ್ಟು ದೂರ, ಅಫಿಂಗ್ಟನ್ ಗುಡ್ಡ. ಜೂನ್ ತಿಂಗಳ ಒಂದು ಭಾನುವಾರ ಮನೆ ಮಾಲೀಕರೇ ಚರ್ಚ್ ಮುಗಿಸಿಕೊಂಡು ಕಾರಿನಲ್ಲಿ ಕರೆದುಕೊಂಡು ಹೋದರು. ಹೋಗುವ ದಾರಿಯಲ್ಲಿ ಮ್ಯಾಜಿಕ್ ರೌಂಡಬೌಟ್. ಐದು ಸಣ್ಣ ವೃತ್ತಗಳು, ಅವುಗಳ ನಡುವೆ ಒಂದು ದೊಡ್ಡದು, ದೊಡ್ಡದರ ಸುತ್ತ ವಾಹನಗಳು ಉಲ್ಟಾ ಸುತ್ತುತ್ತವೆ. 1972ರಿಂದ ಹೀಗೇ ಇದೆ. ಈ ಆಲ್ಬಮ್ಮಿನಲ್ಲಿ ‘ಇಂಗ್ಲಿಷ್ ರೌಂಡಬೌಟ್’ ಅಂತಲೇ ಒಂದು ಹಾಡಿದೆ. ಮಾಲೀಕರು ಶಿಲುಬೆ ಗುರುತು ಮಾಡಿಕೊಂಡು ಒಳಗೆ ನುಗ್ಗಿಸಿದರು.

ಗುಡ್ಡ ಹತ್ತಿ ಕುದುರೆಯ ಪಕ್ಕ ನಿಂತರೆ ಕುದುರೆ ಕಾಣುವುದಿಲ್ಲ. ಹುಲ್ಲಿನ ನಡುವೆ ಸುಣ್ಣದ ಕಾಲುದಾರಿಯ ಹಾಗೆ ಬಿಳಿಯ ಪಟ್ಟೆಗಳು, ಅಷ್ಟೇ. ಯಾವುದು ಕಾಲು, ಯಾವುದು ಬೆನ್ನು ಗೊತ್ತಾಗದು. ಉದ್ದ 110 ಮೀಟರ್. ಸುಮಾರು ಮೂರು ಸಾವಿರ ವರ್ಷ ಹಳೆಯದು, ಕಂಚಿನ ಯುಗದ ಕೊನೆಯ ಹೊತ್ತಿಗೆ ಮಣ್ಣು ತೋಡಿ ಸೀಮೆಸುಣ್ಣದ ಕಲ್ಲು ಜಡಿದು ಮಾಡಿದ್ದು ಎನ್ನುತ್ತಾರೆ. ಇದನ್ನು ಪೂರ್ತಿ ನೋಡಬೇಕಾದರೆ ಆಕಾಶದಲ್ಲಿ ಇರಬೇಕು, ಇಲ್ಲವೇ ಕಣಿವೆಯಾಚೆ ದೂರ ಹೋಗಬೇಕು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಗುರುತು ಸಿಗದಿರಲಿ ಅಂತ ಹುಲ್ಲು ಹೊದಿಸಿ ಮುಚ್ಚಿದ್ದರು. ಸುಮ್ಮನೆ ಬಿಟ್ಟರೆ ಹುಲ್ಲು ತಾನೇ ಮುಚ್ಚಿಬಿಡುತ್ತದೆ. ಅದಕ್ಕೇ ನಮ್ಮಲ್ಲಿ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದ ಹಾಗೆ, ಜನ ಸುತ್ತಿಗೆ ಹಿಡಿದು ಬಂದು ಮಂಡಿಯೂರಿ ಹೊಸ ಸುಣ್ಣದ ಕಲ್ಲು ಕುಟ್ಟುತ್ತಾರೆ. ಮೂರು ಸಾವಿರ ವರ್ಷದಿಂದ ಯಾರೋ ಒಬ್ಬರು ಕುಟ್ಟುತ್ತಲೇ ಬಂದಿದ್ದಾರೆ ಅಂತ ಆಯಿತು. ಮಾಲೀಕರಿಗೆ ಇದು ನಾಯಿಯ ಹಾಗೆ ಕಂಡಿತು. ಮೇಲೆ ಸ್ಕೈಲಾರ್ಕ್ ಹಕ್ಕಿಗಳು ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿ ಕೂಗುತ್ತಿದ್ದವು.

ಅವುಗಳದೇ ಹೆಸರಿನ ಆಲ್ಬಂ ‘ಸ್ಕೈಲಾರ್ಕಿಂಗ್’, 1986. ಅಮೆರಿಕದ ಟಾಡ್ ರಂಡ್‌ಗ್ರೆನ್ ನಿರ್ಮಾಪಕ, ಅವನಿಗೂ ಪಾರ್ಟ್ರಿಜ್‌ಗೂ ದಿನಾ ಜಗಳ. ಬೇಸಿಗೆಯ ಒಂದು ದಿನ ಬೆಳಗಾಗಿ ಕತ್ತಲಾಗುವ ಹಾಗೆ ಹಾಡುಗಳು ಒಂದರೊಳಗೊಂದು ಸೇರಿಕೊಂಡಿವೆ. ಇದರ ಬಗ್ಗೆ ಎಂಜಿನಿಯರುಗಳಿಗೆ ಇಷ್ಟವಾಗುವ ಕಥೆಯೊಂದಿದೆ. 2010ರಲ್ಲಿ ಹೊಸ ಎಲ್‌ಪಿಗಾಗಿ ಮೂಲ ಟೇಪನ್ನು ಕೈಗೆ ತೆಗೆದುಕೊಂಡ ಮಾಸ್ಟರಿಂಗ್ ಎಂಜಿನಿಯರ್ ಜಾನ್ ಡೆಂಟ್, ಇದರ ಪೊಲಾರಿಟಿ ತಿರುಗುಮುರುಗಾಗಿದೆ ಅಂದ. ಎಲ್ಲೋ ಎರಡು ತಂತಿ ಅದಲು ಬದಲಾಗಿ ಸೇರಿಸಿದ್ದಾರೆ. ಸ್ಪೀಕರ್ ಮುಂದೆ ತಳ್ಳಬೇಕಾದಾಗ ಹಿಂದೆ ಎಳೆಯುತ್ತದೆ. ಕೆಡುವುದೇನಿಲ್ಲ, ಆದರೆ ತಳದ ಸ್ವರಗಳು ತೆಳ್ಳಗಾಗಿ ಕೇಳಿಸುತ್ತವೆ. ಇಪ್ಪತ್ತನಾಲ್ಕು ವರ್ಷ ಲೋಕವೆಲ್ಲ ಹೊಗಳಿದ ಆಲ್ಬಮ್ಮಿನಲ್ಲಿ ಹೀಗೊಂದು ಬಗ್! ಪ್ರೊಡಕ್ಷನ್ನಿಗೆ ಹೋದ ಮೇಲೆ ಕಾಣುವ ದೋಷ ನಮಗೇನು ಹೊಸದಲ್ಲ. ನನ್ನ ಹತ್ತಿರ ಹಳೆಯದೂ ಇದೆ, ಸರಿ ಮಾಡಿದ್ದೂ ಇದೆ. ಸರಿ ಮಾಡಿದ್ದು ಚೆನ್ನಾಗಿದೆ, ಒಪ್ಪುತ್ತೇನೆ. ಕೈ ಹೋಗುವುದು ಮಾತ್ರ ಹಳೆಯದಕ್ಕೇ.

ಬೇಸಿಗೆ ಮುಗಿಯುವ ಹೊತ್ತಿಗೆ ಹತ್ತಾಯಿತು. ಸಿಗದೆ ಸತಾಯಿಸಿದ್ದು 1984ರ ‘ದಿ ಬಿಗ್ ಎಕ್ಸ್‌ಪ್ರೆಸ್’. ಸ್ವಿಂಡನ್ನಿನ ರೈಲಿನ ನೆನಪಿನಲ್ಲೇ ಮಾಡಿದ ಆಲ್ಬಂ. ಮೊದಲ ಮುದ್ರಣದ ಹೊದಿಕೆ ಚೌಕ ಅಲ್ಲ, ದುಂಡಗೆ, ಉಗಿ ಎಂಜಿನ್ನಿನ ಚಕ್ರದ ಆಕಾರ. ಚೆನ್ನಾಗಿ ಮಾರಾಟವಾಗಲಿಲ್ಲ. ಅದಾದ ಮರುವರ್ಷ ಏಪ್ರಿಲ್ ಒಂದನೇ ತಾರೀಖು ಇವರೇ ‘ಡ್ಯೂಕ್ಸ್ ಆಫ್ ಸ್ಟ್ರಾಟೋಸ್ಫಿಯರ್’ ಎಂಬ ಸುಳ್ಳು ಹೆಸರಿನಲ್ಲಿ, ಅರವತ್ತರ ದಶಕದ ಯಾವುದೋ ಕಳೆದುಹೋದ ತಂಡದ ವೇಷ ಹಾಕಿ ಒಂದು ಸಣ್ಣ ಆಲ್ಬಂ ಬಿಟ್ಟರು, ಅದು ಇದಕ್ಕಿಂತ ಹೆಚ್ಚು ಹೋಯಿತು. ಏನು ಹೇಳುವುದು.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರದ ಸಂತೆಯಲ್ಲಿ, ಮೇಜಿನ ಕೆಳಗಿನ ಡಬ್ಬದಲ್ಲಿ ಆ ಚಕ್ರ ಕಂಡಿತು. ಮಾರುತ್ತಿದ್ದವರು ಎಪ್ಪತ್ತರ ಆಸುಪಾಸಿನ ಮನುಷ್ಯ. ಅಂಚು ಸವೆದಿದೆಯಲ್ಲ ಅಂದೆ, ಬೆಲೆ ಇಳಿಸಲು. ಶೆಲ್ಫಿನಲ್ಲಿ ನಿಲ್ಲುವುದಿಲ್ಲ, ಮೂವತ್ತು ವರ್ಷದಿಂದ ಉರುಳಿ ಬೀಳುತ್ತಲೇ ಇದೆ, ಹೆಂಡತಿಗೆ ಇದನ್ನು ಕಂಡರಾಗದು ಅಂದರು. ಇಪ್ಪತ್ತೈದು ಪೌಂಡ್. ಕಡಿಮೆ ಮಾಡಲು ಒಪ್ಪಲಿಲ್ಲ. ಮಾತಿಗೆ ಮಾತು ಬಂದು, ತಾವು 1986ರವರೆಗೆ ರೈಲ್ವೆ ಕಾರ್ಖಾನೆಯಲ್ಲಿ ಇದ್ದವರು ಎಂದರು. ಯಾವ ಕೆಲಸ ಅಂತ ಕೇಳಿದೆ. ಟರ್ನರ್. ನಮ್ಮ ತಂದೆಯೂ ಟರ್ನರ್ ಅಂದೆ, ಕಬ್ಬಿಣದ ಕಾರ್ಖಾನೆಯಲ್ಲಿ. ಅವರು ಒಮ್ಮೆ ನನ್ನ ಕೈ ನೋಡಿದರು. ನನ್ನ ಕೈಯಲ್ಲಿ ಏನಿದೆ, ಕೀಬೋರ್ಡಿನ ಕೈ. ಇಪ್ಪತ್ತು ಕೊಡು ಸಾಕು ಅಂದರು.

ರಾತ್ರಿ ಭದ್ರಾವತಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ಎಂದೂ ನನ್ನ ಪ್ಲೇಟುಗಳ ಬಗ್ಗೆ ಆಸಕ್ತಿ ತೋರಿಸಿದವರಲ್ಲ. ಇದನ್ನು ಮಾತ್ರ ಪೂರ್ತಿ ಕೇಳಿದರು.

"ಯಾವ ಲೇತ್ ಮೇಲಂತೆ?"

"ಅದು ಕೇಳಲಿಲ್ಲ ಅಪ್ಪ."

"ಅದನ್ನೇ ಕೇಳಬೇಕಲ್ಲೋ ಮೊದಲು," ಅಂದರು. ಸ್ವಲ್ಪ ತಡೆದು, "ಮುಚ್ಚಿದ ಮೇಲೆ ಏನು ಮಾಡಿದರಂತೆ?"

ಅದನ್ನೂ ಕೇಳಿರಲಿಲ್ಲ. ಮುಂದಿನ ಭಾನುವಾರ ಹೋದೆ, ಅವರು ಇರಲಿಲ್ಲ. ಅದರ ಮುಂದಿನ ಭಾನುವಾರವೂ ಇರಲಿಲ್ಲ.

ಅಕ್ಟೋಬರ್ ಕೊನೆಗೆ ಇನ್ನೊಂದು ಆಯಿತು. ಮೌಲ್ಡಿಂಗ್ ಮತ್ತು ಆಸ್ಟ್ರೇಲಿಯಾದಿಂದ ವಾಪಸ್ ಬಂದ ಚೇಂಬರ್ಸ್ ಇಬ್ಬರೂ ಸೇರಿ ‘ಟಿಸಿ ಅಂಡ್ ಐ’ ಅಂತ ಹೆಸರಿಟ್ಟುಕೊಂಡು, ಅಷ್ಟು ವರ್ಷಗಳ ನಂತರ ವೇದಿಕೆ ಹತ್ತಿದರು, ಸ್ವಿಂಡನ್ ಆರ್ಟ್ಸ್ ಸೆಂಟರಿನಲ್ಲಿ. ನನ್ನ ರೂಮಿನಿಂದ ನಡೆದು ಹೋಗುವಷ್ಟು ಹತ್ತಿರ. ಇನ್ನೂರು ಸೀಟಿನ ಸಣ್ಣ ಜಾಗ, ಎಲ್ಲೆಲ್ಲಿಂದಲೋ ಅಭಿಮಾನಿಗಳು ಟಿಕೆಟ್ ಕೊಂಡುಬಿಟ್ಟಿದ್ದರು. ಊರಿನಲ್ಲೇ ಇದ್ದವನಿಗೆ ವಿಷಯ ತಿಳಿದದ್ದು ಕೊನೆಗೆ. ಒಂದು ಸಂಜೆ ಹೊರಗೆ ಹೋಗಿ ನಿಂತೆ. ಬಾಗಿಲು ತೆರೆದಾಗೊಮ್ಮೆ ಚಪ್ಪಾಳೆ ಕೇಳಿಸುತ್ತಿತ್ತು. ಹಾಡು ಕೇಳಿಸಲಿಲ್ಲ, ಗೋಡೆ ಗಟ್ಟಿ ಇತ್ತು. ಚಳಿ ಜಾಸ್ತಿಯಾಗಿ ಮನೆಗೆ ಬಂದು ಉಪ್ಪಿಟ್ಟು ಮಾಡಿಕೊಂಡು ತಿಂದೆ. ಪಾರ್ಟ್ರಿಜ್ ಇನ್ನೂ ಅದೇ ಊರಿನಲ್ಲಿದ್ದಾನೆ. ಮನೆ ಹುಡುಕಿಕೊಂಡು ಹೋಗುವವರೂ ಇದ್ದಾರೆ. ನನಗೆ ಅದು ಸರಿ ಅನ್ನಿಸಲಿಲ್ಲ. ಜನರ ಎದುರು ನಿಲ್ಲಲಾರೆ ಅಂತ ಹೇಳಿ ಒಳಗೆ ಹೋದ ಮನುಷ್ಯ ಅವನು.

ಡಿಸೆಂಬರಿನಲ್ಲಿ ಹೊರಡುವಾಗ ಹನ್ನೆರಡೂ ಇದ್ದವು. ಕೊನೆಯದಾಗಿ ಸಿಕ್ಕಿದ್ದು 1999ರ ‘ಆಪಲ್ ವೀನಸ್’. ಕಂಪನಿಯ ಕರಾರು ಅನ್ಯಾಯದ್ದು ಎಂದು ಮುಷ್ಕರ ಹೂಡಿ, ಏಳು ವರ್ಷ ಒಂದೂ ಆಲ್ಬಂ ಕೊಡದೆ ಕೂತು, ಕೊನೆಗೆ ಬಿಡಿಸಿಕೊಂಡು ಮಾಡಿದ್ದು. ಬರುವಾಗ ಅಮ್ಮನ ಚಟ್ನಿಪುಡಿ, ಹುಳಿಪುಡಿ ಇದ್ದ ಸೂಟ್‌ಕೇಸಿನಲ್ಲಿ ಹೋಗುವಾಗ ಪ್ಲೇಟುಗಳು. ಚಕ್ರವನ್ನು ಮಾತ್ರ ಎರಡು ರಟ್ಟಿನ ನಡುವೆ ಇಟ್ಟು ಕೈಯಲ್ಲೇ ಹಿಡಿದುಕೊಂಡು ಬಂದೆ. ಮನೆಯಲ್ಲಿ ಬಿಚ್ಚಿದಾಗ ನನ್ನ ಹೆಂಡತಿ ಎಲ್ಲವನ್ನೂ ನೋಡಿ, "ರೀ, ಸ್ವೆಟರ್ ಎಲ್ಲಿ?" ಅಂದಳು. ಸ್ವಿಂಡನ್ನಿನ ಚಾರಿಟಿ ಶಾಪಿನಲ್ಲಿ ಬಿಟ್ಟು ಬಂದಿದ್ದೆ. ತೂಕ ಜಾಸ್ತಿಯಾಗಿತ್ತು.

2023ರ ಜನವರಿಯಲ್ಲಿ ಅಪ್ಪ ಅಮ್ಮ ಪುಣೆಯಲ್ಲಿ ನಮ್ಮ ಜೊತೆ ಇದ್ದರು. ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಆಗಿದೆ ಎಂಬ ಸುದ್ದಿ ಬಂದಿದ್ದು ಆಗಲೇ. ಗುತ್ತಿಗೆ ಕಾರ್ಮಿಕರು ಧರಣಿ ಕೂತಿದ್ದರು. ಅಪ್ಪನ ವಾಟ್ಸಾಪಿನಲ್ಲಿ ದಿನವಿಡೀ ಫೋಟೋಗಳು. ಅವರು ನಿವೃತ್ತರಾಗಿ ಬಹಳ ವರ್ಷವಾಗಿತ್ತು, ಅವರಿಗೆ ನೇರವಾಗಿ ಕಷ್ಟವೇನೂ ಇರಲಿಲ್ಲ. ಆದರೂ ಊಟ ಸೇರುತ್ತಿರಲಿಲ್ಲ. ನೀನು ಹೇಳಿದ್ದೇ ಸರಿಯಾಯಿತು ಅಂತ ಅವರು ಹೇಳಲಿಲ್ಲ. 2004ರಲ್ಲಿ ನಾನು ಏನೂ ಹೇಳಿಯೇ ಇರಲಿಲ್ಲವಲ್ಲ. ನನಗೂ ಏನು ಹೇಳಬೇಕು ತಿಳಿಯಲಿಲ್ಲ. ಮೆಕ್ಯಾನಿಕಲ್ ತೆಗೆದುಕೊಂಡು ಆ ಗೇಟಿನೊಳಗೆ ಹೋಗಿದ್ದರೆ ನಾನೀಗ ಆ ಫೋಟೋಗಳಲ್ಲಿ ಇರುತ್ತಿದ್ದೆನೋ ಏನೋ ಎಂದು ಇಬ್ಬರಿಗೂ ಅನ್ನಿಸಿರಬೇಕು.

ಒಂದು ಮಧ್ಯಾಹ್ನ ಅವರು ಶೆಲ್ಫಿನ ಮುಂದೆ ನಿಂತು ಆ ದುಂಡು ಹೊದಿಕೆಯನ್ನು ಹೊರಗೆ ತೆಗೆದರು. ಎರಡೂ ಅಂಗೈಯಲ್ಲಿ ಅಂಚು ಹಿಡಿದು ನಿಧಾನ ತಿರುಗಿಸಿ ನೋಡಿದರು, ಚಕ್ಕಿಗೆ ಹಾಕುವ ಮೊದಲು ಜಾಬು ನೋಡುವ ಹಾಗೆ.

"ಇದು ಆ ಟರ್ನರ್ ಕೊಟ್ಟಿದ್ದಾ?"

ಹೌದು ಅಂದೆ. ಮೊದಲು ಅದನ್ನೇ ಹಾಕಿದೆ, ಗದ್ದಲ ಜಾಸ್ತಿ ಅಂದರು. ಆಮೇಲೆ ‘ಡ್ರಮ್ಸ್ ಅಂಡ್ ವೈರ್ಸ್’ ತೆಗೆದು ಮೊದಲ ಹಾಡು ಹಾಕಿದೆ. ಡ್ರಮ್ಮು ಶುರುವಾಯಿತು. ಅವರು ಕುರ್ಚಿಯ ಕೈ ಮೇಲೆ ಬೆರಳು ಬಡಿಯುತ್ತಿದ್ದರು, ತಾಳ ತಪ್ಪುತ್ತಿತ್ತು, ಆ ಹಾಡಿಗೆ ಎಲ್ಲರದೂ ತಪ್ಪುತ್ತದೆ. ಏನಂತೆ ಕಥೆ ಅಂತ ಕೇಳಿದರು. ಹೇಳಿದೆ. ಒಬ್ಬ ಹುಡುಗ, ಅವನ ಅಪ್ಪ ಅಮ್ಮ, ಸ್ಟೀಲ್ ಫ್ಯಾಕ್ಟ್ರಿ ಕೆಲಸ, ಎಲ್ಲ ಅವರೇ ತೀರ್ಮಾನ ಮಾಡಿಟ್ಟಿದ್ದಾರೆ, ಹುಡುಗ ಏನೂ ಮಾತಾಡುವುದಿಲ್ಲ. ಹೇಳುವಾಗ ಅವರ ಮುಖ ನೋಡಲಿಲ್ಲ, ಪ್ಲೇಟು ತಿರುಗುವುದನ್ನೇ ನೋಡುತ್ತಿದ್ದೆ.

ಅಪ್ಪ ಹಾಡು ಮುಗಿಯುವವರೆಗೂ ಕಾದರು.

"ಕೊನೆಗೆ ಕೆಲಸ ಸಿಕ್ತಾ ಅವನಿಗೆ?"

"ಹಾಡಿನಲ್ಲಿ ಹೇಳಿಲ್ಲ ಅಪ್ಪ."

"ಹೂಂ," ಅಂದರು. ಅಡುಗೆಮನೆಯಿಂದ ಅಮ್ಮ ಕಾಫಿ ತಂದರು. ನಾನು ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟೆ.